ಗೋಡೆಯಿಂದ ಹೊರಬಂದ ಎರಡು ಪೈಪು: ವಿದೇಶದಲ್ಲಿ ಫರ್ನೇಸ್ ಹಾಕಿಸುವ ನಮ್ಮವರಿಗೆ

ದಾವಣಗೆರೆಯಲ್ಲಿ ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ. ಹೊಗೆ ದೂರದಿಂದಲೇ ಕಾಣುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಕೆನಡಾದಲ್ಲಿ, ಅಮೆರಿಕದ ಚಳಿ ರಾಜ್ಯಗಳಲ್ಲಿ ಅನೇಕ ಮನೆಗಳ ಕೆಳಗೇ ಮನೆ ಬೆಚ್ಚಗಿಡುವ ಒಂದು ಗ್ಯಾಸ್ ಭಟ್ಟಿ ಇರುತ್ತದೆ. ಅದೇ ಫರ್ನೇಸ್. ಅದರ ಹೊಗೆಯಲ್ಲಿ ಇರಬಹುದಾದ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಆ ಹೊಗೆ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಅನ್ನೋದನ್ನು ಮನೆಯವರು ತಿಳಿದಿರಲೇಬೇಕು.

ಹೋದ ವಾರ ವಿದ್ಯಾನಗರದ ಮನೆಯಲ್ಲಿ ಕೂತಿದ್ದಾಗ ಕೆನಡಾದ ಒಂಟಾರಿಯೊದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಹಳೇ ಫರ್ನೇಸ್ ತೆಗೆಸಿ ಹೊಸದು ಹಾಕಿಸ್ತಿದೀನಿ. ಚಿಮಣಿ ಬೇಡ್ವಂತೆ, ಪ್ಲಾಸ್ಟಿಕ್ ಪೈಪ್ ಸಾಕಂತೆ. ಬೆಂಕಿ ಹೊಗೆಗೆ ಪ್ಲಾಸ್ಟಿಕ್ಕಾ? ಕರಗಲ್ವಾ?" ಅಂದ. ಅಲ್ಲಿ 11 ವರ್ಷ ಇದ್ದು ಬಂದವನು ನಾನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರೂ ಓದಲಿ ಅಂತ ನನ್ನ ಆಸೆ. ಚಳಿಗಾಲದ ಹಗಲಲ್ಲಿ ಆ ಮನೆಯಲ್ಲಿ ಇರೋರು ಅವರೇ ಅಲ್ವಾ?

ಹಳೇ ಫರ್ನೇಸಿನಲ್ಲಿ 100 ರೂಪಾಯಿ ಗ್ಯಾಸ್ ಉರಿಸಿದರೆ ಸುಮಾರು 80 ರೂಪಾಯಿಯ ಶಾಖ ಮನೆಗೆ, ಉಳಿದದ್ದು ಚಿಮಣಿಗೆ. ಹೊಗೆ ಬಿಸಿಯಾಗಿರುತ್ತದೆ, ತಾನೇ ಮೇಲೆ ಏರುತ್ತದೆ. ಅದಕ್ಕೆ ತಗಡಿನ ಪೈಪು, ಮಾಡಿನ ಮೇಲೆ ಬಾಯಿ. ಹೊಸ ಫರ್ನೇಸಿನಲ್ಲಿ 90ರಿಂದ 98 ರೂಪಾಯಿಯ ಶಾಖ ಮನೆಗೇ ಸಿಗುತ್ತದೆ. ಹೊಗೆಯ ಬಿಸಿಯನ್ನು ಎರಡನೇ ಸಲ ಹಿಂಡಿ ತೆಗೆಯುವುದರಿಂದ ಹೊರಗೆ ಹೋಗುವ ಹೊಗೆ ಸಾಮಾನ್ಯವಾಗಿ 40ರಿಂದ 60 ಡಿಗ್ರಿ ಮಾತ್ರ ಇರುತ್ತದೆ. ಅದಕ್ಕೇ ಪ್ಲಾಸ್ಟಿಕ್ ನಡೆಯುತ್ತದೆ. ತಣ್ಣಗಾದ ಹೊಗೆ ತಾನಾಗಿ ಏರುವುದಿಲ್ಲ. ಒಳಗಿರುವ ಚಿಕ್ಕ ಫ್ಯಾನು ಅದನ್ನು ನೂಕುತ್ತದೆ. ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಘನ ಮೀಟರ್ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಿನಷ್ಟು ಆವಿ ಬರುತ್ತದೆ. ಅದರಲ್ಲಿ ಒಂದು ಪಾಲು ಪೈಪಿನಲ್ಲೇ ನೀರಾಗುತ್ತದೆ. ಈ ನೀರು ಹುಳಿ ನೀರು, ಕಬ್ಬಿಣವನ್ನೂ ಇಟ್ಟಿಗೆ ಚಿಮಣಿಯನ್ನೂ ತಿನ್ನುತ್ತದೆ. ಅದಕ್ಕೆ ಹಳೇ ಚಿಮಣಿಗೆ ಸುಮ್ನೆ ಸೇರಿಸಿಬಿಡುವ ಹಾಗಿಲ್ಲ.

ಎರಡು ಪೈಪು ಯಾಕೆ? ಒಂದು ಹೊಗೆ ಬಿಡಲು, ಇನ್ನೊಂದು ಉರಿಗೆ ಬೇಕಾದ ಗಾಳಿ ಎಳೆದುಕೊಳ್ಳಲು. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಕಳೆದುಕೊಂಡವರ ಸುದ್ದಿ ನಮ್ಮ ಪೇಪರುಗಳಲ್ಲಿ ಓದಿದ್ದೇವೆ. ಚಳಿ ದೇಶದ ಮನೆ ಪೂರ್ತಿ ಮುಚ್ಚಿದ ಮನೆ. ಅಡುಗೆಮನೆಯ ಎಗ್ಸಾಸ್ಟ್, ಬಟ್ಟೆ ಒಣಗಿಸುವ ಡ್ರೈಯರ್ ಎಲ್ಲಾ ಒಳಗಿನ ಗಾಳಿಯನ್ನೇ ಹೊರಗೆ ತಳ್ಳುತ್ತಿರುತ್ತವೆ. ಫರ್ನೇಸೂ ಅದೇ ಗಾಳಿಗೆ ಕೈ ಹಾಕಿದರೆ ಕಷ್ಟ. ಗಾಳಿಯನ್ನೂ ಹೊರಗಿಂದಲೇ ತಂದರೆ ಉರಿಗೂ ಮನೆಯವರ ಉಸಿರಿಗೂ ಸಂಬಂಧವೇ ಇರುವುದಿಲ್ಲ. ಒಂದೇ ಪೈಪಿನ ಜೋಡಣೆಯೂ ಕೆಲವು ಕಡೆ ನಡೆಯುತ್ತದೆ, ಸ್ವಲ್ಪ ಅಗ್ಗ. ನಾನಂತೂ ಎರಡೇ ಹಾಕಿಸಿ ಅನ್ನುತ್ತೇನೆ.

ಇನ್ನು ಇಳಿಜಾರು. ಇದನ್ನು ನಾನು ಅನುಭವಿಸಿ ಕಲಿತೆ. ಅಡ್ಡ ಹೋಗುವ ಹೊಗೆ ಪೈಪು ಫರ್ನೇಸಿನ ಕಡೆಗೆ ವಾಲಿರಬೇಕು, ಅಡಿಗೆ ಕಾಲು ಇಂಚಿನಂತೆ. ಪೈಪಿನಲ್ಲಾದ ನೀರು ಹಿಂದಕ್ಕೆ ಹರಿದು, ಫರ್ನೇಸಿನ ಟ್ರ್ಯಾಪ್ (ನೀರನ್ನು ಬಿಟ್ಟು ಹೊಗೆಯನ್ನು ತಡೆಯುವ ಭಾಗ) ದಾಟಿ, ನೆಲದ ಮೋರಿಗೆ ಸೇರಬೇಕು. ನಮ್ಮ ಮನೆಗೆ ಫರ್ನೇಸ್ ಕೂರಿಸಿದವರು ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋದರು. ಪೈಪನ್ನು ಹಿಡಿದಿಡುವ ಎರಡು ಪಟ್ಟಿಗಳ ನಡುವೆ ಬಹಳ ದೂರ ಬಿಟ್ಟಿದ್ದರು, ಅಲ್ಲಿ ಪೈಪು ಜೋತುಬಿದ್ದಿತ್ತು. ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ಜನವರಿಯಲ್ಲಿ ಹೊರಗೆ ಮೈನಸ್ 22. ಅವ್ವ ಆಗ ನಮ್ಮ ಜೊತೆಗಿದ್ದಳು. ರಾತ್ರಿ ಬಂದು ಎಬ್ಬಿಸಿದಳು. "ಕೆಳಗ ಏನೋ ಹುಕ್ಕಾ ಸೇದ್ದಂಗ ಗುಳುಗುಳು ಅಂತೈತಿ ನೋಡಪ್ಪ" ಅಂದಳು. ಇಳಿದು ಹೋಗುವಷ್ಟರಲ್ಲಿ ಫರ್ನೇಸ್ ನಿಂತಿತ್ತು. ಜೋತುಬಿದ್ದ ಜಾಗದಲ್ಲಿ ನೀರು ನಿಂತು ಹೊಗೆಯ ದಾರಿ ಕಟ್ಟಿತ್ತು. ಒಳಗಿನ ಪ್ರೆಶರ್ ಸ್ವಿಚ್ ಅದನ್ನು ಗುರುತಿಸಿ ಉರಿಯನ್ನೇ ಆರಿಸಿತ್ತು. ಆ ಸ್ವಿಚ್ಚು ಕೆಟ್ಟಿರಲಿಲ್ಲ, ನಮ್ಮನ್ನು ಕಾಯುತ್ತಿತ್ತು. ಫರ್ನೇಸ್ ಪದೇ ಪದೇ ನಿಲ್ಲುತ್ತದೆ ಅಂತ ಅದನ್ನು ತಪ್ಪಿಸಿ ವೈರ್ ಸೇರಿಸಿಕೊಡುವವರೂ ಇದ್ದಾರೆ. ಯಾರೇ ಹೇಳಲಿ, ಅದಕ್ಕೆ ಒಪ್ಪಬೇಡಿ. ಫರ್ನೇಸಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ದೀಪ ಎಷ್ಟು ಸಲ ಮಿನುಗಿದರೆ ಏನು ತೊಂದರೆ ಅಂತ ಅದರಲ್ಲಿರುತ್ತದೆ. ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಹೊಸದುರ್ಗ, ಹೊಳಲ್ಕೆರೆ ಕಡೆಯ ತೋಟದ ಮನೆಗಳಿಂದ ಹೋದವರಿಗೆ ಪೈಪು ಹೊಸದೇನಲ್ಲ. ಸಲ್ಯೂಷನ್ ಹಚ್ಚಿ ಪಿವಿಸಿ ಕೂಡಿಸಿ ಬೆಳೆದವರು. ಇಲ್ಲೂ ಕೆಲಸ ನೋಡಲು ಹಾಗೇ ಕಾಣುತ್ತದೆ. ಆದರೆ ತೋಟದಲ್ಲಿ ಜಾಯಿಂಟ್ ಸೋರಿದರೆ ನೆಲ ಒದ್ದೆಯಾಗುತ್ತದೆ, ಇಲ್ಲಿ ಸೋರಿದರೆ ಹೊಗೆ ಮಲಗುವ ಕೋಣೆಗೆ ಬರುತ್ತದೆ. ಕೆನಡಾದಲ್ಲಿ ಈ ಪೈಪಿಗೇ ಬೇರೆ ಪ್ರಮಾಣ ಇದೆ, ಯುಎಲ್‌ಸಿ ಎಸ್636. ಪೈಪಿನ ಮೇಲೆ ಆ ನಂಬರ್ ಅಚ್ಚಾಗಿರುತ್ತದೆ. ಪೈಪು, ಎಲ್ಬೋ, ಪ್ರೈಮರ್, ಸಿಮೆಂಟ್ (ಅಂದರೆ ಪೈಪು ಕೂಡಿಸುವ ಸಲ್ಯೂಷನ್) ಎಲ್ಲಾ ಒಂದೇ ಕಂಪನಿಯ ಒಂದೇ ಸೆಟ್ ಆಗಿರಬೇಕು, ಬೆರೆಸುವಂತಿಲ್ಲ. ಅಮೆರಿಕದಲ್ಲಿ ಯಾವ ಪೈಪು ನಡೆಯುತ್ತದೆ ಅನ್ನುವುದನ್ನು ಫರ್ನೇಸಿನ ಜೊತೆ ಬರುವ ಪುಸ್ತಕದಲ್ಲಿ ನೋಡಬೇಕು.

ಪೈಪಿನ ಉದ್ದಕ್ಕೂ ಮಿತಿ ಇದೆ. ಚಿಕ್ಕ ಫ್ಯಾನು ಎಷ್ಟು ದೂರ ಅಂತ ನೂಕೀತು? ಪ್ರತಿ ತಿರುವೂ ಉದ್ದದ ಲೆಕ್ಕಕ್ಕೇ ಸೇರುತ್ತದೆ. ಒಂದು ಎಲ್ಬೋ ಅಂದರೆ ಸುಮಾರು 5 ಅಡಿ ನೇರ ಪೈಪು ಅಂತ ಹಲವು ಪುಸ್ತಕಗಳು ಹಿಡಿಯುತ್ತವೆ. 2 ಇಂಚಿನ ಪೈಪಿಗೆ ಲೆಕ್ಕ ಮೀರಿದರೆ 3 ಇಂಚಿನದು ಹಾಕಬೇಕಾಗುತ್ತದೆ.

ಹೊರಗಿನ ಬಾಯಿ ಎಲ್ಲಿರಬೇಕು ಅನ್ನೋದರ ಮೇಲೆ ಕಾಂಟ್ರಾಕ್ಟರ್ ಜೊತೆ ಜಗಳವಾದರೂ ಸರಿ, ಬಿಡಬೇಡಿ. ಆ ಊರಲ್ಲಿ ಹಿಮ ಎಷ್ಟು ಎತ್ತರ ನಿಲ್ಲುತ್ತದೋ ಅದಕ್ಕಿಂತ 12 ಇಂಚು ಮೇಲಿರಬೇಕು. ಕೆನಡಾದ ನಿಯಮದಲ್ಲಿ 1 ಲಕ್ಷ ಬಿಟಿಯು (ಗಂಟೆಗೆ ಎಷ್ಟು ಶಾಖ ಅನ್ನುವ ಅಳತೆ) ವರೆಗಿನ ಫರ್ನೇಸಿಗೆ ತೆರೆಯುವ ಕಿಟಕಿಯಿಂದ ಕನಿಷ್ಠ 12 ಇಂಚು ದೂರ, ಅದಕ್ಕಿಂತ ದೊಡ್ಡದಕ್ಕೆ 36 ಇಂಚು. ಗ್ಯಾಸ್ ಮೀಟರಿನ ರೆಗ್ಯುಲೇಟರ್ ಹತ್ತಿರ ಬರಬಾರದು. ಎರಡೂ ಪೈಪು ಒಂದೇ ಗೋಡೆಯಲ್ಲಿರಲಿ, ಗಾಳಿಯ ಒತ್ತಡ ಎರಡಕ್ಕೂ ಒಂದೇ ಸಮ ಇರುತ್ತದೆ. ಆದರೆ ಪುಸ್ತಕ ಹೇಳಿದಷ್ಟು ಅಂತರ ಇರಬೇಕು, ಇಲ್ಲವಾದರೆ ಬಿಟ್ಟ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಹೊಸದಾಗಿ ಹೋದ ಅಪ್ಪ ಅಮ್ಮಂದಿರೇ, ಚಳಿಯಲ್ಲಿ ಆ ಪೈಪಿನಿಂದ ಬಿಳಿ ಹಬೆ ಬರುತ್ತದೆ. ಹೆದರಬೇಡಿ, ಅದು ನೀರಾವಿ. ತಣ್ಣನೆ ಗಾಳಿ ಒಳಗೆ ಬರುತ್ತದೆ ಅಂತ ಬಟ್ಟೆ ತುರುಕಬೇಡಿ, ಹಲಗೆ ಒರಗಿಸಬೇಡಿ. ಹಿಮ ಬಿದ್ದ ಬೆಳಿಗ್ಗೆ ಎರಡೂ ಬಾಯಿ ತೆರೆದಿವೆಯಾ ಅಂತ ಒಮ್ಮೆ ನೋಡಿ.

ಅಕ್ಕನ ಮಗನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ನೀರು ಕಾಯಿಸುವ ಟ್ಯಾಂಕೂ ಹಳೇ ಫರ್ನೇಸೂ ಒಂದೇ ಚಿಮಣಿ ಹಂಚಿಕೊಂಡಿದ್ದವು. ಫರ್ನೇಸ್ ಪ್ಲಾಸ್ಟಿಕ್ ಪೈಪಿಗೆ ಹೋದ ಮೇಲೆ ಅಷ್ಟು ದೊಡ್ಡ ಚಿಮಣಿಯಲ್ಲಿ ಟ್ಯಾಂಕೊಂದೇ ಉಳಿಯುತ್ತದೆ. ಅದರ ಸ್ವಲ್ಪ ಹೊಗೆಗೆ ಚಿಮಣಿ ಬಿಸಿಯಾಗುವುದಿಲ್ಲ, ಹೊಗೆ ಮನೆಯೊಳಗೇ ತಿರುಗಬಹುದು. ಚಿಮಣಿಯೊಳಗೆ ಚಿಕ್ಕ ಅಳತೆಯ ಲೈನರ್, ಅಂದರೆ ಒಳಪೈಪು, ಇಳಿಸಬೇಕಾಗಬಹುದು. ಕೊಟೇಶನ್ನಿನಲ್ಲಿ ಇದು ಇದೆಯಾ ಅಂತ ನೀವೇ ಕೇಳಿ.

ನಮ್ಮೂರಲ್ಲಾದರೆ ಪರಿಚಯದ ಮೇಸ್ತ್ರಿಗೆ ಹೇಳಿದರೆ ಕೆಲಸ ಆಯ್ತು. ಅಲ್ಲಿ ಹಾಗಲ್ಲ. ಒಂಟಾರಿಯೊದಲ್ಲಿ ಇದನ್ನು ನೋಡಿಕೊಳ್ಳುವುದು ಟಿಎಸ್‌ಎಸ್‌ಎ ಅನ್ನುವ ಸುರಕ್ಷತಾ ಸಂಸ್ಥೆ. ಅಲ್ಲಿ ನೋಂದಣಿ ಆದ ಕಾಂಟ್ರಾಕ್ಟರ್, ಲೈಸೆನ್ಸ್ ಇರುವ ಗ್ಯಾಸ್ ಟೆಕ್ನಿಷಿಯನ್ ಬೇಕು. ಅಮೆರಿಕದಲ್ಲಿ ನಿಯಮ ಊರಿಂದ ಊರಿಗೆ ಬೇರೆ. ಹೆಚ್ಚಿನ ಕಡೆ ಸಿಟಿ ಅಥವಾ ಕೌಂಟಿಯಿಂದ ಪರ್ಮಿಟ್ ತೆಗೆಸಬೇಕು, ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಪರ್ಮಿಟ್ ಇಲ್ಲದೆ ಕಡಿಮೆಗೆ ಮಾಡಿಕೊಡ್ತೀನಿ ಅನ್ನುವವರು ನಮ್ಮವರೇ ಆದರೂ ಬೇಡ ಅನ್ನಿ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಅದು ಕೂಗಿದರೆ ಕಿಟಕಿ ತೆಗೆಯುತ್ತಾ ನಿಲ್ಲಬೇಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಮೊನ್ನೆ ಅವನು ಗೋಡೆಯ ಫೋಟೋ ಕಳಿಸಿದ. ಪೈಪು ಹೊರಬರುವ ಜಾಗ ಕಿಟಕಿಯ ಸರಿ ಕೆಳಗೇ ಇತ್ತು. ಅದು ಅಕ್ಕನಿಗೆ ಅಂತ ಇಟ್ಟಿರುವ ಕೋಣೆ. ಡಿಸೆಂಬರಿನಲ್ಲಿ ಸೊಸೆಯ ಬಾಣಂತನಕ್ಕೆ ಅವಳು ಹೊರಟಿದ್ದಾಳೆ. ಅಲ್ಲಿ ಬೇಡ ಕಣೋ ಅಂದೆ. ನಿನ್ನೆ ರಾತ್ರಿ ಮೆಸೇಜ್ ಬಂತು. ಜಾಗ ಮೂಲೆಯ ಕಡೆಗೆ ಸರಿದಿದೆ. ಒಂದು ಎಲ್ಬೋ ಜಾಸ್ತಿ ಆಗಿದೆ, ಆದರೂ ಉದ್ದ ಪುಸ್ತಕದ ಲೆಕ್ಕದೊಳಗೇ ಇದೆಯಂತೆ.