ಒಂದು ಗಿಟಾರ್, ಒಂದು ದನಿ: ಹೊಸ ಆಲ್ಬಂ ಪೂರ್ತಿ ಕೇಳುವುದು ಹೇಗೆ

ಹೊಸ ಆಲ್ಬಂಗಳು ಬರುವುದು ಶುಕ್ರವಾರ. 2015ರ ಜುಲೈನಿಂದ ಪ್ರಪಂಚದ ಬಹುಪಾಲು ಕಡೆ ಅದೇ ಪದ್ಧತಿ. ಆ ರಾಶಿಯಲ್ಲಿ ಬೇಗ ಕಳೆದುಹೋಗುವುದು ಇಂಡೀ ಫೋಕ್, ಅಕೌಸ್ಟಿಕ್, ಸಿಂಗರ್-ಸಾಂಗ್‌ರೈಟರ್ ಅಂತ ಹೆಸರು ಹೊತ್ತು ಬರುವವು. ಅಂದರೆ ತಾವೇ ಬರೆದು, ತಾವೇ ಧಾಟಿ ಹಾಕಿ, ತಾವೇ ಗಿಟಾರ್ ಹಿಡಿದು ಹಾಡುವವರ ಆಲ್ಬಂಗಳು. ಡ್ರಮ್ಸ್ ಇರುವುದೇ ಅಪರೂಪ, ದೊಡ್ಡ ಕೋರಸ್ ಇಲ್ಲ. ಎರಡು ಹಾಡು ಕೇಳಿ "ಎಲ್ಲಾ ಒಂದೇ ಥರ ಇದೆ" ಅಂತ ಬಿಟ್ಟುಬಿಡುವವರೇ ಜಾಸ್ತಿ. ಒಂದೇ ಥರ ಇಲ್ಲ. ಇಲ್ಲಿ ಕೆಲಸವೆಲ್ಲ ನಡೆಯುವುದು ಸಣ್ಣ ಸಣ್ಣ ಜಾಗಗಳಲ್ಲಿ, ಅದು ಕಿವಿಗೆ ಬೀಳಬೇಕಾದರೆ ಕೇಳುವ ರೀತಿಯನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕು.

ವಾರಕ್ಕೆ ಒಂದೇ ಆಲ್ಬಂ ಆರಿಸಿಕೊಳ್ಳಿ. ಶುಕ್ರವಾರವೇ ಕೇಳಬೇಕು ಅಂತೇನೂ ಇಲ್ಲ. ಡೌನ್‌ಲೋಡ್ ಮಾಡಿ ಇಟ್ಟುಕೊಂಡು ಭಾನುವಾರ ಬೆಳಗ್ಗೆ ಆರು ಗಂಟೆಗೆ ಕೂತುಕೊಳ್ಳಿ. ಬೆಂಗಳೂರಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ: ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವುದು ಶುರುವಾಗಿರುವುದಿಲ್ಲ, ಕಸದ ಗಾಡಿ ಬಂದಿರುವುದಿಲ್ಲ, ಯಾರ ಮನೆಯ ಮಿಕ್ಸಿಯೂ ಎದ್ದಿರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಮೊದಲ ಸಲ ಕೇಳುವುದು ಮಾತ್ರ ಬೇಡ. ಇಂಥ ಹಾಡುಗಳಲ್ಲಿ ಮೆಲ್ಲಗೆ ಹೇಳಿದ ಮಾತೇ ಮುಖ್ಯ, ಹೊರಗಿನ ಗಲಾಟೆ ಅದನ್ನೇ ಮೊದಲು ನುಂಗುತ್ತದೆ. ಆಗ ನೀವು ವಾಲ್ಯೂಮ್ ಏರಿಸುತ್ತೀರಿ, ಅದು ಕಿವಿಗೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ಬರೀ 4 ಗಂಟೆ.

ಫೋನಿನ ಸ್ಪೀಕರ್ ಕೂಡ ಬೇಡ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್, ಆ ಆಳದ ಸದ್ದನ್ನು ಫೋನಿನ ಪುಟಾಣಿ ಸ್ಪೀಕರ್ ಸರಿಯಾಗಿ ಹೊರಡಿಸಲಾರದು. ಹೆಬ್ಬೆರಳು ನುಡಿಸುವ ಅರ್ಧ ಸಂಗೀತವೇ ಅಲ್ಲಿ ಮಾಯ. ದುಬಾರಿ ಹೆಡ್‌ಫೋನ್ ಬೇಕಿಲ್ಲ, ಎಸ್‌.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ವೈರ್ ಇಯರ್‌ಫೋನ್ ಆದರೂ ಸಾಕು, ಕಿವಿಯಲ್ಲಿ ಸರಿಯಾಗಿ ಕೂರಬೇಕು ಅಷ್ಟೇ. ಆ್ಯಪಿನಲ್ಲಿ ಶಫಲ್ ಮತ್ತು ಆಟೋಪ್ಲೇ ಎರಡನ್ನೂ ಆಫ್ ಮಾಡಿ. ಯಾವ ಹಾಡಿನ ನಂತರ ಯಾವುದು ಅಂತ ಹಾಡಿದವರು ಯೋಚಿಸಿ ಜೋಡಿಸಿರುತ್ತಾರೆ. ಆಟೋಪ್ಲೇ ಇದ್ದರೆ ಕೊನೆಯ ಹಾಡು ಮುಗಿದು ಒಂದು ಉಸಿರು ಬಿಡುವುದರೊಳಗೆ ಯಾರದೋ ಹಾಡು ನುಗ್ಗಿಬಿಡುತ್ತದೆ.

ಮೊದಲ ಸಲ ಸುಮ್ನೆ ಕೇಳಿ. ಸಾಹಿತ್ಯ ನೋಡಬೇಡಿ, ವಿಮರ್ಶೆ ಓದಬೇಡಿ, ಆಲ್ಬಂ ಹಿಂದಿನ ಕಥೆಯನ್ನೂ ಹುಡುಕಬೇಡಿ. ಅರ್ಧ ಮಾತು ಅರ್ಥವಾಗದಿದ್ದರೂ ಚಿಂತೆಯಿಲ್ಲ. ಇಂಥ ಆಲ್ಬಂಗಳು ಸಾಮಾನ್ಯವಾಗಿ ಮುಕ್ಕಾಲು ಗಂಟೆ ದಾಟುವುದಿಲ್ಲ. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್‌ನ 1972ರ 'ಪಿಂಕ್ ಮೂನ್' 28 ನಿಮಿಷ ಮಾತ್ರ. ಒಂದು ದನಿ, ಒಂದು ಗಿಟಾರ್, ಒಂದೇ ಒಂದು ಹಾಡಿನಲ್ಲಿ ಸ್ವಲ್ಪ ಪಿಯಾನೋ. ಈ ಬಗೆಯ ಸಂಗೀತಕ್ಕೆ ಹೊಸಬರಾದರೆ ಹೊಸ ಆಲ್ಬಂಗೆ ಮುಂಚೆ ಅದನ್ನೊಮ್ಮೆ ಕೇಳಿ, ಇಷ್ಟು ಕಡಿಮೆಯಲ್ಲಿ ಎಷ್ಟು ಸಾಧ್ಯ ಅಂತ ಗೊತ್ತಾಗುತ್ತದೆ.

ಈಗ ದನಿಯ ವಿಷಯ. ನಮ್ಮಲ್ಲಿ ತುಂಬಾ ಜನ ಎಡವುವುದು ಇಲ್ಲೇ. ನಾವು ಸುಗಮ ಸಂಗೀತ, ಸಿನಿಮಾ ಹಾಡು ಕೇಳಿ ಬೆಳೆದವರು. ಭಾವಗೀತೆಯಲ್ಲಿ ಕವಿ ಒಬ್ಬರು, ರಾಗ ಸಂಯೋಜನೆ ಇನ್ನೊಬ್ಬರದು, ಹಾಡುವುದು ಎಷ್ಟೋ ಸಲ ಮೂರನೆಯವರು, ಅದೂ ಪಳಗಿದ ಗಾಯಕರು. ಅದೇ ಅಳತೆ ಇಟ್ಟುಕೊಂಡು ಕೇಳಿದರೆ "ಇವರಿಗೆ ಹಾಡೋಕೇ ಬರಲ್ಲ" ಅನ್ನಿಸುವುದು ಸಹಜ. ಇಲ್ಲಿ ಮಾತು ಹುಟ್ಟಿಸಿದವರೇ ಹಾಡುತ್ತಿದ್ದಾರೆ. ದನಿ ಒಡೆಯುವುದು, ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಹೋಗುವುದು, ಒಂದು ಪದವನ್ನು ಹೆಚ್ಚುಕಡಿಮೆ ಮಾತಾಡಿಯೇ ಬಿಡುವುದು, ಇವೆಲ್ಲ ಹಾಡಿನ ಭಾಗ. ನಮಗೆ ಇದು ಹೊಸದೂ ಅಲ್ಲ. ಏಕತಾರಿ ಹಿಡಿದ ತತ್ವಪದಕಾರರು ತಮ್ಮ ಪದ ತಾವೇ ಕಟ್ಟಿ ಹಾಡಿದವರೇ ಅಲ್ವಾ? ಶಿಶುನಾಳ ಶರೀಫರ ಪದಗಳ ಕೊನೆಗೆ ಅವರ ಅಂಕಿತವೇ ಇದೆ. ಹಾಗಾಗಿ ದನಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಬದಿಗಿಟ್ಟು, ಈ ಮಾತನ್ನು ಬೇರೆ ಯಾರಾದರೂ ಹೀಗೆ ಹೇಳಬಹುದಿತ್ತಾ ಅಂತ ಕೇಳಿಕೊಳ್ಳಿ. ಉತ್ತರ ಇಲ್ಲ ಅಂತ ಬಂದರೆ ಹಾಡು ಗೆದ್ದಿದೆ.

ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಮೊದಲು ಹೆಸರುಗಳನ್ನು ಗಮನಿಸಿ: ಊರು, ಬೀದಿ, ಮರ, ಮನೆಯ ಸಾಮಾನು. ಒಳ್ಳೆಯ ಹಾಡು ಬರೆಯುವವರು "ನನಗೆ ದುಃಖವಾಗಿದೆ" ಅನ್ನುವುದಿಲ್ಲ, ತೊಳೆಯದೆ ಬಿಟ್ಟ ಲೋಟ ತೋರಿಸುತ್ತಾರೆ. ಪಲ್ಲವಿ ಪ್ರತಿ ಸಲ ಅದೇ ಪದಗಳಲ್ಲಿ ಬರುತ್ತದಾ, ಇಲ್ಲ ಕೊನೆಯ ಸಲ ಒಂದು ಪದ ಬದಲಾಗುತ್ತದಾ ನೋಡಿ. ಆ ಒಂದು ಬದಲಾವಣೆಗೋಸ್ಕರವೇ ಇಡೀ ಹಾಡು ಬರೆದಿರುವುದೂ ಉಂಟು. ಇನ್ನೊಂದು ಮಾತು, ಹಾಡಿನ 'ನಾನು' ಹಾಡುವವರೇ ಆಗಿರಬೇಕಿಲ್ಲ. ಕೆಲವು ಆಲ್ಬಂ ನಿಜಕ್ಕೂ ಸ್ವಂತದ್ದೇ, ಅಮೆರಿಕದ ಗಾಯಕ ಸುಫ್ಯಾನ್ ಸ್ಟೀವನ್ಸ್ 2015ರಲ್ಲಿ ತಂದ 'ಕ್ಯಾರಿ ಆ್ಯಂಡ್ ಲೋವೆಲ್' ತೀರಿಕೊಂಡ ತಾಯಿಯ ಬಗ್ಗೆ. ಆದರೆ ಹಾಡು ಕೇಳಿ ಎಲ್ಲರ ಸಂಸಾರದ ಗುಟ್ಟು ಹುಡುಕಲು ಹೊರಟರೆ ಹಾಡೇ ಕೈತಪ್ಪುತ್ತದೆ.

ಮೂರನೇ ಸಲ ಮಾತು ಬಿಟ್ಟು ಗಿಟಾರ್ ಮೀಟುವ ಬಲಗೈ ಕೇಳಿ. ಹೆಬ್ಬೆರಳು ಕೆಳಗಿನ ಸ್ವರಗಳನ್ನು ತಾಳದಂತೆ ನುಡಿಸುತ್ತಿರುತ್ತದೆ, ಉಳಿದ ಬೆರಳುಗಳು ಮೇಲೆ ಬೇರೆಯೇ ರಾಗ ಹೆಣೆಯುತ್ತಿರುತ್ತವೆ, ಎರಡೂ ಒಂದೇ ಕೈ. ಇಡೀ ಹಾಡು ಹೆಬ್ಬೆರಳನ್ನೇ ಹಿಂಬಾಲಿಸಿ, ಮತ್ತೆ ಅದೇ ಹಾಡು ಹಾಕಿ ಮೇಲಿನ ಸ್ವರಗಳನ್ನು ಹಿಡಿಯಿರಿ. ಕೆಲವರ ಗಿಟಾರ್ ವಿಚಿತ್ರವಾಗಿ ತೆರೆದುಕೊಂಡಂತೆ ಕೇಳಿಸುತ್ತದೆ, ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡಿರುವುದು ಅದಕ್ಕೆ ಕಾರಣ. ಕೆನಡಾದ ಗಾಯಕಿ ಜೋನಿ ಮಿಚೆಲ್‌ಗೆ ಬಾಲ್ಯದಲ್ಲಿ ಪೋಲಿಯೋ ಬಂದು ಎಡಗೈ ಸೋತಿತ್ತು, ಸುಲಭವಾಗಲಿ ಅಂತ ಶ್ರುತಿ ಬದಲಿಸುತ್ತಾ ಹೋದರು, ಅದೇ ಅವರ ಗುರುತಾಯಿತು. ಇವತ್ತಿನ ಹೊಸ ಆಲ್ಬಂಗಳಲ್ಲೂ ಆ ದಾರಿಯಲ್ಲಿ ನಡೆದವರು ತುಂಬಾ ಜನ ಸಿಗುತ್ತಾರೆ.

ಹಾಗೇ ರೆಕಾರ್ಡ್ ಮಾಡಿದ ಕೋಣೆಯನ್ನೂ ಕೇಳಿ. ಬೆರಳು ತಂತಿಯ ಮೇಲೆ ಜಾರುವ ಸದ್ದು, ಕುರ್ಚಿಯ ಕಿರುಗುಟ್ಟು, ಹೊರಗಿನ ಹಕ್ಕಿ. ಗಾಯಕಿ ಏಡ್ರಿಯನ್ ಲೆಂಕರ್ 2020ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಒಂದೇ ಕೋಣೆಯ ಮರದ ಮನೆಯಲ್ಲಿ 'ಸಾಂಗ್ಸ್' ಆಲ್ಬಂ ಟೇಪಿನ ಮೇಲೆ ರೆಕಾರ್ಡ್ ಮಾಡಿದರು, ಮಳೆ-ಹಕ್ಕಿಗಳ ಸದ್ದು ಅದರಲ್ಲಿ ಹಾಗೇ ಉಳಿದಿದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕ' ಹಾಡುಗಳನ್ನು ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಕರಡಾಗಿ ಹಾಡಿಟ್ಟಿದ್ದರು. ಬ್ಯಾಂಡ್ ಜೊತೆ ಮತ್ತೆ ಮಾಡಿ ನೋಡಿದರೂ ಆ ಗುಣ ಬರಲಿಲ್ಲ, ಕೊನೆಗೆ ಕರಡೇ ಆಲ್ಬಂ ಆಯಿತು. ಆದ್ದರಿಂದ ಹೊಸ ಆಲ್ಬಂನಲ್ಲಿ ಸಣ್ಣ ಗೊರಗೊರ ಸದ್ದಿದ್ದರೆ ಕೆಟ್ಟ ರೆಕಾರ್ಡಿಂಗ್ ಅಂತ ತಕ್ಷಣ ತೀರ್ಮಾನಿಸಬೇಡಿ, ಅದು ಬೇಕೆಂದೇ ಬಿಟ್ಟದ್ದಿರಬಹುದು.

ಇಂಗ್ಲಿಷ್ ಹಾಡುಗಳಲ್ಲಿ ಇದೆಲ್ಲ ಹಿಡಿಯುವುದು ಕಷ್ಟ ಅನ್ನಿಸಿದರೆ ಕನ್ನಡದಲ್ಲೇ ಕಿವಿ ಪಳಗಿಸಿಕೊಳ್ಳಿ. ಶರೀಫರ 'ಸೋರುತಿಹುದು ಮನೆಯ ಮಾಳಿಗಿ'ಯನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳಿ, ಆಮೇಲೆ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಕೇಳಿ. ಪದ ಅದೇ. ಯಾರು ಎಲ್ಲಿ ನಿಲ್ಲಿಸಿದರು, ಯಾವ ಪದಕ್ಕೆ ಒತ್ತು ಕೊಟ್ಟರು, ವಾದ್ಯ ಯಾವಾಗ ಸುಮ್ಮನಾಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಷ್ಟು ಮಾಡಿದವರಿಗೆ ಯಾವ ಭಾಷೆಯ ಆಲ್ಬಂ ಆದರೂ ಅರ್ಧ ದಾರಿ ಸುಲಭ.

ಇಷ್ಟೆಲ್ಲಾ ಆದ ಮೇಲೂ ಹಿಡಿಸಲಿಲ್ಲವಾ? ಎರಡು ವಾರ ಬಿಟ್ಟು ಮಳೆ ಬರುವ ಸಂಜೆ ಒಮ್ಮೆ ಹಾಕಿ ನೋಡಿ. ಆಗಲೂ ಇಲ್ಲ ಅಂದರೆ ಬಿಡಿ. ಕೆಲವು ಆಲ್ಬಂಗಳು ನಿಜಕ್ಕೂ ಸಪ್ಪೆ ಇರುತ್ತವೆ, ಗಿಟಾರ್ ಒಂದೇ ಇದೆ ಅನ್ನುವ ಕಾರಣಕ್ಕೆ ಯಾವುದೂ ಪ್ರಾಮಾಣಿಕ ಆಗಿಬಿಡುವುದಿಲ್ಲ.

ಹಿಡಿಸಿತು ಅಂದರೆ ದಯವಿಟ್ಟು ದುಡ್ಡು ಕೊಟ್ಟು ಕೊಳ್ಳಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಅಂತ ಲೆಕ್ಕ, ಆದರೆ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಪ್ಲೇ ಮುಟ್ಟದಿದ್ದರೆ ಅದಕ್ಕೆ ರಾಯಲ್ಟಿಯೇ (ಹಾಡಿನ ಗಳಿಕೆಯ ಪಾಲು) ಇಲ್ಲ. ಈಗಷ್ಟೇ ಶುರು ಮಾಡಿದವರಿಗೆ ಇದು ದೊಡ್ಡ ಪೆಟ್ಟು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಂ ಕೊಂಡರೆ ಹಣದ ಬಹುಪಾಲು ಹಾಡಿದವರಿಗೇ ಹೋಗುತ್ತದೆ. ಊರಲ್ಲೇ ಇರುವವರಾದರೆ ಹೋಗಿ ಕೇಳಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಜೆ.ಪಿ. ನಗರದ ಸಂಗೀತ ಮ್ಯೂಸಿಯಂ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್, ಇವುಗಳ ಕಾರ್ಯಕ್ರಮ ಪಟ್ಟಿಯನ್ನು ಆಗಾಗ ನೋಡುತ್ತಿರಿ. ಕುಡಿಯುವ ಜಾಗಕ್ಕಿಂತ ಇಂಥ ಕಡೆ ಜನ ಸುಮ್ಮನೆ ಕೂತು ಕೇಳುತ್ತಾರೆ. ಸಾಧ್ಯವಾದರೆ ಬಲಗೈ ಕಾಣುವಂತೆ ಮುಂದಿನ ಸಾಲಿನಲ್ಲಿ ಕೂರಿ, ಹಾಡು ಮುಗಿದು ತಂತಿಯ ಸದ್ದು ಪೂರ್ತಿ ನಿಲ್ಲುವ ತನಕ ಚಪ್ಪಾಳೆ ತಟ್ಟಬೇಡಿ. ಆಮೇಲೆ ಅವರು ಸಿಕ್ಕರೆ "ಸೂಪರ್ ಆಗಿತ್ತು" ಅನ್ನುವುದಕ್ಕಿಂತ ಯಾವ ಸಾಲು ಹಿಡಿಸಿತು ಅಂತ ಹೇಳಿ.