ಬಾಗಿಲಲ್ಲಿ ಕೂರದ ಸ್ಪೀಕರ್‌ಗೆ ಜಾಗ ಮಾಡಿದ್ದು ಹೀಗೆ

ಕಾರಿನ ಬಾಗಿಲಿಗೆ ಹಾಕುವ ಆರೂವರೆ ಇಂಚಿನ ಸ್ಪೀಕರ್ ಅಂದರೆ ಎಲ್ಲವೂ ಒಂದೇ ಅಳತೆ ಅಂದುಕೊಂಡು ತಂದವರು ಬಾಗಿಲು ಬಿಚ್ಚಿದ ಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಅದು ಮುಂಭಾಗದ ಹೆಸರಿನ ಅಳತೆ ಅಷ್ಟೆ. ತಕರಾರು ತೆಗೆಯುವುದು ಆಳ, ಮ್ಯಾಗ್ನೆಟ್‌ನ ಅಗಲ, ಮತ್ತೆ ಬುಟ್ಟಿಯ (ಸ್ಪೀಕರನ್ನು ಹಿಡಿದಿರುವ ಚೌಕಟ್ಟಿನ) ಅಂಚಿನಲ್ಲಿ ಚಾಚಿಕೊಂಡಿರುವ ಸ್ಕ್ರೂ ಕಿವಿಗಳು.

ನಾನು ಮಾಡಿದ ಹ್ಯಾಚ್‌ಬ್ಯಾಕ್‌ನ ಮುಂದಿನ ಬಾಗಿಲಲ್ಲಿ ಒಳ ತಗಡಿನಿಂದ ಪೂರ್ತಿ ಇಳಿಸಿದ ಗ್ಲಾಸ್‌ಗೆ 58 ಮಿ.ಮೀ. ಜಾಗ. ಸ್ಪೀಕರ್‌ನ ಆಳ, ಅಂದರೆ ಅಂಚಿನ ಕೆಳಮೈಯಿಂದ ಮ್ಯಾಗ್ನೆಟ್‌ನ ಹಿಂಭಾಗದವರೆಗೆ, 66. ಕೊರತೆ 8, ಗ್ಲಾಸ್ ಅಲುಗಾಡುವುದಕ್ಕೆ ಕನಿಷ್ಠ 6. ಒಟ್ಟು 14 ಮಿ.ಮೀ. ಸ್ಪೀಕರನ್ನು ಮುಂದಕ್ಕೆ ತರಬೇಕು. ತಗಡಿಗೂ ಸ್ಪೀಕರ್‌ಗೂ ನಡುವೆ 18 ಮಿ.ಮೀ. ಪ್ಲೈವುಡ್ ರಿಂಗ್ ಹಾಕಿದರೆ ಆಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಮುಂದಿನ ಕಡೆಯ ಲೆಕ್ಕವೂ ಇದೆ. ಡೋರ್ ಪ್ಯಾಡ್‌ನ (ಬಾಗಿಲ ಒಳಬದಿಯ ಹೊದಿಕೆಯ) ಜಾಲರಿಯ ಹಿಂಬದಿ ತಗಡಿನಿಂದ 34 ಮಿ.ಮೀ. ದೂರದಲ್ಲಿತ್ತು. ರಿಂಗ್ 18, ಅಂಚು ಮತ್ತು ರಬ್ಬರ್ ಸುತ್ತು 5, ಜೋರಾಗಿ ಬಾರಿಸಿದಾಗ ಕೋನ್ (ಸದ್ದು ಹೊರಡಿಸುವ ಬಟ್ಟಲಿನಂಥ ಹಾಳೆ) ಮುಂದೆ ಬರುವುದು 7. ಉಳಿದದ್ದು 4. ಸಾಕು, ಆದರೆ ರಿಂಗ್ 25 ಆಗಿದ್ದರೆ ಬೇಸ್ ಬಂದಾಗಲೆಲ್ಲ ರಬ್ಬರ್ ಜಾಲರಿಗೆ ಬಡಿಯುತ್ತಿತ್ತು.

ಗ್ಲಾಸ್ ಬಾಗಿರುತ್ತದೆ, ಹಾಗಾಗಿ ಒಂದೇ ಕಡೆ ಸ್ಕೇಲ್ ಇಟ್ಟು ನಂಬುವ ಹಾಗಿಲ್ಲ. ಮಕ್ಕಳು ಆಡುವ ಕ್ಲೇಯನ್ನು ಗೋಲಿಯಷ್ಟು ಮ್ಯಾಗ್ನೆಟ್‌ನ ಹಿಂದೆ ಮೂರು ಕಡೆ ಅಂಟಿಸಿ, ಸ್ಪೀಕರ್ ಕೂರಿಸಿ, ಗ್ಲಾಸ್ ನಿಧಾನ ಇಳಿಸಿ ಮತ್ತೆ ಏರಿಸಿ. ಚಪ್ಪಟೆಯಾದ ಕ್ಲೇಯ ದಪ್ಪವೇ ನಿಮಗಿರುವ ನಿಜವಾದ ಜಾಗ.

ರಿಂಗ್‌ಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ಮಳೆ ಬಂದಾಗ ಗ್ಲಾಸ್ ಪಕ್ಕದ ರಬ್ಬರ್ ದಾಟಿ ನೀರು ಬಾಗಿಲೊಳಗೆ ಇಳಿಯುವುದು ಸಹಜ, ಕಾರು ಮಾಡಿದವರೇ ಕೆಳಗೆ ಅದಕ್ಕೆ ತೂತು ಬಿಟ್ಟಿರುತ್ತಾರೆ. ಒಂದು ಮುಂಗಾರು ಕಳೆಯುವಷ್ಟರಲ್ಲಿ ಎಂಡಿಎಫ್ ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ರೆಡಿಮೇಡ್ ಪ್ಲಾಸ್ಟಿಕ್ ಅಡಾಪ್ಟರ್‌ಗಳೂ ಸಿಗುತ್ತವೆ. ಕೈಯಲ್ಲಿ ಹಿಂಡಿ ನೋಡಿ, ಬಾಗಿದರೆ ಅಲ್ಲೇ ಬಿಟ್ಟು ಬನ್ನಿ. ನಾನು ಬಳಸಿದ್ದು ನೀರಿಗೆ ತಾಳುವ ಮರೈನ್ ಪ್ಲೈ: ಹೊರ ವ್ಯಾಸ 180, ಒಳ ವ್ಯಾಸ 143 ಮಿ.ಮೀ. ಜಿಗ್‌ಸಾದಿಂದ ಕತ್ತರಿಸಿ, ಒಳಗಿನ ಹಿಂಬದಿ ಅಂಚನ್ನು 45 ಡಿಗ್ರಿಗೆ ಇಳಿಜಾರು ಮಾಡಿದೆ. ಇದು ಅಂದಕ್ಕಲ್ಲ. ದಪ್ಪ ರಿಂಗ್‌ನ ನೆಟ್ಟಗಿನ ಗೋಡೆ ಬುಟ್ಟಿಯ ಕಿಟಕಿಗಳನ್ನು ಮುಚ್ಚಿದರೆ ಕೋನ್ ಹಿಂದಿನ ಗಾಳಿ ಉಸಿರುಗಟ್ಟಿ, ಗಂಡು ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಎರಡು ಕೋಟ್. ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ. ಸ್ಕ್ರೂ ಬದಲು ಎಂ4 ಸ್ಟೀಲ್ ಬೋಲ್ಟ್, ಹಿಂದೆ ಟಿ-ನಟ್ (ಮರಕ್ಕೆ ಮುಳ್ಳು ಚುಚ್ಚಿ ಕೂರುವ ನಟ್). ತಗಡಿಗೂ ರಿಂಗ್‌ಗೂ ನಡುವೆ, ರಿಂಗ್‌ಗೂ ಸ್ಪೀಕರ್‌ಗೂ ನಡುವೆ ಫೋಮ್ ಟೇಪ್. ಹೊಸದಾಗಿ ಕೊರೆದ ತೂತುಗಳಿಗೆ ಪ್ರೈಮರ್.

ಇಷ್ಟಾದ ಮೇಲೂ ಕಿವಿಗಳು ಡೋರ್ ಪ್ಯಾಡ್‌ನ ಪಕ್ಕೆಗೆ (ಹಿಂಬದಿಯ ಉಬ್ಬು ಪಟ್ಟಿಗೆ) ತಾಗುತ್ತಿದ್ದರೆ ಮೊದಲು ಪ್ಯಾಡ್‌ನ ಹಿಂದಿನ ಪಕ್ಕೆಯನ್ನೇ ತೆಗೆಯಿರಿ, ಹೊರಗೆ ಕಾಣುವುದಿಲ್ಲ. ಸ್ಪೀಕರ್‌ಗೆ ಕೈ ಹಾಕುವುದು ಕೊನೆಯ ಉಪಾಯ. ಕಿವಿ ಕತ್ತರಿಸಲೇಬೇಕಾದರೆ ಗ್ರೈಂಡರ್ ಹತ್ತಿರಕ್ಕೂ ತರಬೇಡಿ. ಕಬ್ಬಿಣದ ಪುಡಿ ಹಾರಿ ಮ್ಯಾಗ್ನೆಟ್‌ನ ಸಂದಿಗೆ ಸೇರಿದರೆ ಕಾಯಿಲ್ (ಕೋನ್ ಅಲುಗಾಡಿಸುವ ತಂತಿ ಸುರುಳಿ) ಕರಕರ ಅನ್ನಲು ಶುರುಮಾಡುತ್ತದೆ, ಊದಿದರೆ ಅದು ಬರುವುದಿಲ್ಲ. ಕೋನ್ ಮುಂದೆ ಪೂರ್ತಿ ಮಾಸ್ಕಿಂಗ್ ಟೇಪ್, ಬುಟ್ಟಿಯ ಹಿಂದಿನ ಕಿಟಕಿಗಳಿಗೂ ಟೇಪ್, ಸ್ಪೀಕರ್ ಮುಖ ಕೆಳಗೆ, ಸಣ್ಣ ಹ್ಯಾಕ್ಸಾ, ಆಮೇಲೆ ಅರ. ಟೇಪ್ ಬಿಚ್ಚುವ ಮುನ್ನ ಮ್ಯಾಗ್ನೆಟ್‌ನ ಹೊರಮೈಗೆ ಅಂಟಿದ ಪುಡಿಯನ್ನು ಇನ್ನೊಂದು ತುಂಡು ಟೇಪ್ ಒತ್ತಿ ಒತ್ತಿ ತೆಗೆಯಬೇಕು.

ಟ್ವೀಟರ್‌ನದು, ಅಂದರೆ ತೀಕ್ಷ್ಣ ಸ್ವರದ ಸಣ್ಣ ಸ್ಪೀಕರ್‌ನದು, ಬೇರೆಯೇ ಅಪಾಯ. ಕನ್ನಡಿಯ ಮೂಲೆಯ ತ್ರಿಕೋನ ಪ್ಲಾಸ್ಟಿಕ್‌ಗೆ ಸಮನಾಗಿ ಕೂರಿಸಲು ಅದರ ಹೊರ ಬಟ್ಟಲಿನಿಂದ ಬಿಡಿಸಿಕೊಳ್ಳಬೇಕು. ಒಳಗಿರುವುದು ನಿಯೋಡಿಮಿಯಂ ಮ್ಯಾಗ್ನೆಟ್: ಸ್ಕ್ರೂಡ್ರೈವರ್ ತುದಿ ಒಂದು ಬೆರಳಿನಷ್ಟು ದೂರ ಇದ್ದಾಗಲೇ ಸೆಳೆದು ರೇಷ್ಮೆ ಡೋಮ್‌ಗೆ ಚುಚ್ಚಿಬಿಡುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದಲೇ ಮೀಟಿ. ಎ-ಪಿಲ್ಲರ್‌ನಲ್ಲಿ (ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ) ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ಟ್ವೀಟರ್ ಬೇಡ, ವೈರ್ ಕೂಡ ಏರ್‌ಬ್ಯಾಗ್ ಮೇಲೆ ಹಾಯಬಾರದು. ಸೆಟ್ ಜೊತೆ ಬಂದ ಕ್ರಾಸ್‌ಓವರ್ (ದಪ್ಪ ಸ್ವರ, ತೆಳು ಸ್ವರ ಬೇರ್ಪಡಿಸಿ ಕಳಿಸುವ) ಡಬ್ಬಿಯನ್ನು ಬಾಗಿಲೊಳಗೆ ಇಡದೆ ಡ್ಯಾಶ್ ಕೆಳಗೆ ಒಣ ಜಾಗದಲ್ಲಿ ಕಟ್ಟಿ. ಡಬ್ಬಿ ಇಲ್ಲದಿದ್ದರೆ 4 ಓಮ್ ಟ್ವೀಟರ್‌ಗೆ 10 ಮೈಕ್ರೋಫ್ಯಾರಡ್ ನಾನ್-ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ) ಕೆಪಾಸಿಟರ್ ಸರಣಿಯಲ್ಲಿ ಹಾಕಿದರೆ ಸುಮಾರು 4,000 ಹರ್ಟ್ಸ್‌ನಿಂದ ಕೆಳಗಿನದು ಇಳಿಯುತ್ತಾ ಹೋಗುತ್ತದೆ. 4.7 ಹಾಕಿದರೆ ಅದು 8,500ರ ಹತ್ತಿರ ಹೋಗಿ, ಹಾಡುವವರ ಧ್ವನಿಯ ಹೊಳಪು ಕಾಣೆಯಾಗುತ್ತದೆ.

ಬಾಗಿಲ ಒಳ ತಗಡಿನ ದೊಡ್ಡ ತೂತನ್ನು ಬರೀ ಬ್ಯೂಟೈಲ್ ಶೀಟಿನಿಂದ (ಕಂಪನ ತಡೆಯುವ ಅಂಟು ರಬ್ಬರ್ ಹಾಳೆಯಿಂದ) ಮುಚ್ಚಿದರೆ ಬಿಸಿಲಿಗೆ ಜೋತು ಬೀಳುತ್ತದೆ. 1.5 ಮಿ.ಮೀ. ಅಲ್ಯೂಮಿನಿಯಂ ತಗಡು ಸ್ಕ್ರೂನಲ್ಲಿ ಕೂರಿಸಿ ಮೇಲೆ ಶೀಟ್ ಹಾಕಿ; ಪವರ್ ವಿಂಡೋ ಕೆಟ್ಟಾಗ ಬಿಚ್ಚಲು ಬರಬೇಕು. ಬಾಗಿಲೊಳಗೆ ಗಾಳಿಯ ಒತ್ತಡ ನೋಡುವ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರುಗಳಲ್ಲಿ ಮಾತ್ರ ಕಂಪನಿ ಕೊಟ್ಟ ಮುಚ್ಚಳವನ್ನು ಮುಟ್ಟಬೇಡಿ, ಹೊಸ ತೂತು ಕೊರೆಯಬೇಡಿ. ಕೆಳಗಿನ ನೀರಿನ ತೂತುಗಳು ತೆರೆದೇ ಇರಲಿ.

ಪ್ಯಾಡ್ ಮುಚ್ಚುವ ಮೊದಲು 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ವೈರ್‌ನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಕ್ಷಣ ಮಾತ್ರ ಮುಟ್ಟಿಸಿ: ಎರಡೂ ಬಾಗಿಲ ಕೋನ್ ಹೊರಗೇ ನೆಗೆಯಬೇಕು. ಒಂದು ಒಳಗೆ ಹೋದರೆ ಬೇಸ್ ಪರಸ್ಪರ ಕಳೆದುಕೊಳ್ಳುತ್ತದೆ, ಜನ ಅದಕ್ಕೆ ಸ್ಪೀಕರನ್ನು ಬೈಯುತ್ತಾರೆ. ಸ್ಟೀರಿಯೋದ ಹೈಪಾಸನ್ನು (ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಸೆಟ್ಟಿಂಗನ್ನು) 80 ಹರ್ಟ್ಸ್‌ಗೆ ಇಟ್ಟು, ಫೋನಿನ ಟೋನ್ ಆ್ಯಪ್‌ನಿಂದ 60ರಿಂದ 200 ಹರ್ಟ್ಸ್‌ವರೆಗೆ ನಿಧಾನ ಏರಿಸುತ್ತಾ ಬಾಗಿಲ ಮೇಲೆ ಕೈ ಇಟ್ಟು ನೋಡಿ. ಗಲಗಲ ಅನ್ನುವುದು ಹೆಚ್ಚಾಗಿ ಲಾಕ್ ಕಡ್ಡಿ. ಬಟ್ಟೆ ಟೇಪ್ ಸುತ್ತಿದರೆ ನಿಲ್ಲುತ್ತದೆ. ಪ್ಯಾಡ್‌ನ ಕ್ಲಿಪ್ ಹತ್ತಾದರೂ ಹೆಚ್ಚಿಗೆ ತಂದಿಟ್ಟುಕೊಳ್ಳಿ, ಹಳೆಯವು ಬಿಚ್ಚುವಾಗಲೇ ಮುರಿಯುತ್ತವೆ.