ನಾವು ತಿನ್ನದ ಈರುಳ್ಳಿಯ ಲೆಕ್ಕ

ಟಿವಿಯಲ್ಲಿ ‘ಕಣ್ಣೀರು ತರಿಸಿದ ಈರುಳ್ಳಿ’ ಅಂತ ಸುದ್ದಿ ಬಂದ ದಿನ ಬೆಂಗಳೂರಿನ ನೆಂಟರು ಫೋನ್ ಮಾಡುತ್ತಾರೆ. ‘ಏನಪ್ಪಾ, ಈ ಸಲ ನಿಂದೇ ಕಾಲ ಅಲ್ವಾ?’ ಅಂತ ನಗುತ್ತಾರೆ. ನಾನೂ ಸುಮ್ನೆ ನಗುತ್ತೇನೆ. ನಿಜ ಹೇಳಬೇಕಂದರೆ ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಅವರ ಈರುಳ್ಳಿ ರೇಟು ಏರಿದಾಗಲೆಲ್ಲ ನನ್ನ ಈರುಳ್ಳಿ ರೇಟು ಬೀಳುತ್ತದೆ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ. ಕೆಂಪು ಮಣ್ಣು, ಮೂರು ಎಕರೆ, ಒಂದು ಬೋರ್‌ವೆಲ್. ಬೆಳೆಯುವುದು ಗುಲಾಬಿ ಈರುಳ್ಳಿ. ಊರಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ರೋಸ್ ಆನಿಯನ್ ಅನ್ನುತ್ತೇವೆ. ಮನೆಯಲ್ಲಿ ಅಮ್ಮ ತೆಲುಗಲ್ಲಿ ಎರ್ರಗಡ್ಡ ಅನ್ನುತ್ತಾಳೆ. ಕಡು ಕೆಂಪು ಬಣ್ಣ, ನಿಂಬೆಹಣ್ಣಿಗಿಂತ ಚಿಕ್ಕ ಗಾತ್ರ, ತಳ ಚಪ್ಪಟೆ. ಖಾರ ಮಾತ್ರ ಜಾಸ್ತಿ. 2015ರಲ್ಲಿ ‘ಬೆಂಗಳೂರು ರೋಸ್’ ಅಂತ ಜಿಐ, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಬೆಂಗಳೂರಿನವರು ತಿನ್ನುವುದು ಕಡಿಮೆ. ಇದು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಾಪುರ, ಶ್ರೀಲಂಕಾ ಕಡೆಗೆ ಹಡಗು ಹತ್ತುವ ಮಾಲು.

ಅಂದಮೇಲೆ ಹಡಗು ನಿಂತರೆ ನಾವೂ ನಿಂತ ಹಾಗೆ. ಸರ್ಕಾರಕ್ಕೆ ಬೇಕಾಗಿರುವುದು ನಾಸಿಕ್ ಕಡೆಯ ದಪ್ಪ ಈರುಳ್ಳಿ ದೇಶದೊಳಗೇ ಉಳಿದು ನಗರಗಳಲ್ಲಿ ರೇಟು ಇಳಿಯುವುದು. ಅದಕ್ಕೆ ರಫ್ತು ನಿಲ್ಲಿಸುತ್ತಾರೆ. ಕಾಗದದಲ್ಲಿ ಅದೂ ಈರುಳ್ಳಿ, ಇದೂ ಈರುಳ್ಳಿ. ದಪ್ಪದವನ ಜತೆ ಸಣ್ಣವನನ್ನೂ ಕಟ್ಟಿಹಾಕುತ್ತಾರೆ.

ನಾನು ಮೊದಲ ಸಲ ಪೆಟ್ಟು ತಿಂದದ್ದು 2019ರಲ್ಲಿ. ಆ ವರ್ಷ ಮಳೆಗೆ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಈರುಳ್ಳಿ ಕೊಳೆಯಿತು, ರೇಟು ಏರಿತು. ಸೆಪ್ಟೆಂಬರ್ 29ಕ್ಕೆ ರಫ್ತು ಬಂದ್. ಒಂದು ತಿಂಗಳು ಬಿಟ್ಟು ದೀಪಾವಳಿ ಹೊತ್ತಿಗೆ, ಬೆಂಗಳೂರು ರೋಸ್ ಮಾತ್ರ 9,000 ಟನ್ ಕಳಿಸಬಹುದು ಅಂತ ಅನುಮತಿ ಬಂತು. ಅಷ್ಟರಲ್ಲಿ ನನ್ನ ಮಾಲು ಪೂರ್ತಿ ಖಾಲಿ. ಹಣೆಬರಹ ಅಂದುಕೊಂಡೆ. ಒಂದು ಸಲ ಆದದ್ದಕ್ಕೆ ಯಾರೂ ಲೆಕ್ಕ ಬರೆದಿಡುವುದಿಲ್ಲ.

ಎರಡನೇ ಸಲ ಬರೆದಿಟ್ಟೆ.

2020ರ ಸೆಪ್ಟೆಂಬರ್ 14, ಸೋಮವಾರ. ಮಹಾಲಯ ಅಮಾವಾಸ್ಯೆಗೆ ಮೂರು ದಿನ ಇತ್ತು. ಒಂದು ಎಕರೆ ಈರುಳ್ಳಿ ಕಿತ್ತು ಹೊಲದಲ್ಲೇ ಸಾಲಾಗಿ ಹರವಿದ್ದೆವು. ಕಿತ್ತ ಈರುಳ್ಳಿಯನ್ನು ಹಾಗೇ ಬಿಸಿಲಿಗೆ ಬಿಡುವುದಿಲ್ಲ. ಒಂದು ಸಾಲಿನ ಗೆಡ್ಡೆಯ ಮೇಲೆ ಇನ್ನೊಂದು ಸಾಲಿನ ಗರಿ ಬರುವ ಹಾಗೆ ಹೊದಿಸಬೇಕು, ಇಲ್ಲದಿದ್ದರೆ ಸಿಪ್ಪೆ ಸುಟ್ಟು ಬಣ್ಣ ಹೋಗುತ್ತದೆ. ಈ ಈರುಳ್ಳಿಯಲ್ಲಿ ಬಣ್ಣ ಹೋಯಿತು ಅಂದರೆ ವ್ಯಾಪಾರವೂ ಹೋಯಿತು. ಹುಣಸೆ ಮರದ ಕೆಳಗೆ ಹನ್ನೆರಡು ಜನ ಹೆಂಗಸರು ಕುಡುಗೋಲನ್ನು ಕಾಲಲ್ಲಿ ಒತ್ತಿ ಹಿಡಿದು ಗರಿ ಕೊಯ್ಯುತ್ತಿದ್ದರು. ಕುತ್ತಿಗೆ ಅರ್ಧ ಬೆರಳಷ್ಟು ಉಳಿಸಬೇಕು. ತೀರಾ ಬುಡಕ್ಕೆ ಕೊಯ್ದರೆ ನೀರು ಇಳಿದು ಕೊಳೆಯುತ್ತದೆ, ಉದ್ದ ಬಿಟ್ಟರೆ ವ್ಯಾಪಾರಿ ತೂಕದಲ್ಲಿ ಮುರಿಯುತ್ತಾನೆ. ಕೈ ಪಳಗಿದವರು ನೋಡದೇ ಕೊಯ್ಯುತ್ತಾರೆ, ಬಾಯಿ ಮಾತ್ರ ಊರಿನ ಸುದ್ದಿಯಲ್ಲೇ ಇರುತ್ತದೆ.

ವ್ಯಾಪಾರಿ ಹಿಂದಿನ ವಾರ ಬಂದು ಕೆ.ಜಿ.ಗೆ 22 ರೂಪಾಯಿ ಹೇಳಿ ಹೋಗಿದ್ದ. ರಾತ್ರಿ ಫೋನ್ ಬಂತು. ‘ರಫ್ತು ಬಂದ್ ಮಾಡಿದಾರೆ. ನಾಳೆ ಲಾರಿ ಬರಲ್ಲ.’ ಅಷ್ಟೇ ಹೇಳಿ ಇಟ್ಟ. ಆ ಸಲದ ಆದೇಶದಲ್ಲಿ ಬೆಂಗಳೂರು ರೋಸ್ ಅಂತ ಹೆಸರು ಹಿಡಿದೇ ನಿಲ್ಲಿಸಿದ್ದರು.

ಮೂರನೇ ದಿನ ಅವನೇ ಬಂದ. 8 ರೂಪಾಯಿ ಅಂದ. ಆಳುಗಳಿಗೆ ಕೂಲಿ ಕೊಡಬೇಕಿತ್ತು, ಗೊಬ್ಬರದ ಅಂಗಡಿಯ ಬಾಕಿ ಇತ್ತು, ಆಕಾಶದಲ್ಲಿ ಮೋಡ ಇತ್ತು. ಮುಂಗಾರಿನ ಈರುಳ್ಳಿಯಲ್ಲಿ ನೀರಿನಂಶ ಜಾಸ್ತಿ, ತಿಂಗಳುಗಟ್ಟಲೆ ಇಡೋಕೆ ಆಗಲ್ಲ. 140 ಚೀಲದಲ್ಲಿ 100 ಕೊಟ್ಟೆ. ಐವತ್ತು ಕೆ.ಜಿ. ಚೀಲ, ಒಟ್ಟು 40,000 ರೂಪಾಯಿ. ಎಕರೆಗೆ ನಾನು ಹಾಕಿದ್ದು 72,000. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಲಿಯೇ. ನಾಟಿ, ಎರಡು ಕಳೆ, ಕೀಳುವುದು, ಗರಿ ಕೊಯ್ಯುವುದು ಎಲ್ಲ ಕೈಕೆಲಸ.

ಉಳಿದ 40 ಚೀಲವನ್ನು ಹಠಕ್ಕೆ ಇಟ್ಟುಕೊಂಡೆ. ನೀವು ಕೇಳಬಹುದು, ಪೇಟೆಯಲ್ಲಿ ಈರುಳ್ಳಿ ದುಬಾರಿ ಇತ್ತಲ್ಲ, ಅಲ್ಲೇ ಮಾರಬಹುದಿತ್ತಲ್ಲ ಅಂತ. ಮಾಡಿ ನೋಡಿದೆ. ಎರಡು ಚೀಲ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಯಲಹಂಕದ ಕಡೆ ಒಂದು ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ನಿಂತೆ. ಒಬ್ಬರು ಬಂದು ಮುಟ್ಟಿ ನೋಡಿ, ‘ಸಾಂಬಾರ್ ಈರುಳ್ಳಿನಾ?’ ಅಂದರು. ಅಲ್ಲ ಅಂದೆ. ‘ಮತ್ತೆ ಯಾಕೆ ಇಷ್ಟು ಚಿಕ್ಕದು? ದಪ್ಪ ಇರೋದು ಇಲ್ವಾ?’ ಅಂದರು. ಇನ್ನೊಬ್ಬರು ಒಂದು ಕೆ.ಜಿ. ತಗೊಂಡು, ಅರ್ಧ ಗಂಟೆಗೆ ಕೆಳಗೆ ಬಂದು, ಸುಲಿಯೋಕೆ ಆಗ್ತಿಲ್ಲ ಅಂತ ವಾಪಸ್ ಕೊಟ್ಟರು. ಅವರನ್ನೇನು ದೂರುವುದು. ನನ್ನ ಹೆಂಡತಿಯೇ ನಮ್ಮ ಹೊಲದ್ದು ಬಿಟ್ಟು ಸಂತೆಯಿಂದ ದಪ್ಪ ಈರುಳ್ಳಿ ತರುತ್ತಾಳೆ. ಸಂಜೆವರೆಗೆ ನಿಂತು 17 ಕೆ.ಜಿ. ಮಾರಿದೆ. ಆಟೋ ಬಾಡಿಗೆಯೂ ಹುಟ್ಟಲಿಲ್ಲ. ಒಂದನ್ನು ತಡೆದರೆ ಇನ್ನೊಂದು ಅಗ್ಗ ಆಗುತ್ತದೆ ಅಂತ ದೆಹಲಿಯಲ್ಲಿ ಯಾರಾದರೂ ಅಂದುಕೊಂಡಿದ್ದರೆ, ಆ ಗೇಟಿನ ಹತ್ತಿರ ಒಂದು ದಿನ ನಿಲ್ಲಬೇಕಿತ್ತು.

ಅಕ್ಟೋಬರ್ 9ಕ್ಕೆ ಅನುಮತಿ ಬಂತು. ಬೆಂಗಳೂರು ರೋಸ್ 10,000 ಟನ್, ಚೆನ್ನೈ ಬಂದರಿನಿಂದ ಮಾತ್ರ. ರಾಜ್ಯದ ತೋಟಗಾರಿಕೆ ಆಯುಕ್ತರಿಂದ ಪ್ರಮಾಣಪತ್ರ ಬೇಕು. ಪೇಪರಿನಲ್ಲಿ ‘ರೈತರಿಗೆ ಸಿಹಿ ಸುದ್ದಿ’ ಅಂತ ಓದಿದೆ. ಸೆಪ್ಟೆಂಬರ್ 14ರಿಂದ ಅಲ್ಲಿಗೆ 25 ದಿನ. ನಮ್ಮೂರಲ್ಲಿ ಅಷ್ಟು ದಿನ ಮಾಲು ಹಿಡಿದಿಟ್ಟುಕೊಂಡವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಉಳಿದ ಈರುಳ್ಳಿ ಎಲ್ಲಿತ್ತು? 8 ರೂಪಾಯಿಗೆ ಕೊಂಡವರ ಗೋದಾಮಿನಲ್ಲಿತ್ತು. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರೂ ಅವರೇ, ರಫ್ತು ಲೈಸೆನ್ಸ್ ಇರುವುದೂ ಅವರ ಹತ್ತಿರವೇ. ನಾನು ಅವರನ್ನು ಬೈಯುವುದಿಲ್ಲ, ಅವರು ಕೊಳ್ಳದಿದ್ದರೆ ಆ ನೂರು ಚೀಲವೂ ತಿಪ್ಪೆಗೆ ಹೋಗುತ್ತಿತ್ತು. ನಿಷೇಧ ಬಿದ್ದದ್ದು ನನ್ನ ತಲೆ ಮೇಲೆ, ವಿನಾಯಿತಿ ಸಿಕ್ಕಿದ್ದು ಅವರ ಕೈಗೆ, ಅಷ್ಟೇ.

ನನ್ನ 40 ಚೀಲದ ಕತೆ ಹೀಗಾಯಿತು. 12 ಚೀಲ ಮಳೆಗೆ ಕೊಳೆಯಿತು. ಪೇಟೆಗೆ ಹೋಗಿ ಬಂದದ್ದನ್ನೂ ಸೇರಿಸಿ 20 ಚೀಲ ಅನುಮತಿ ಬಂದ ಮೇಲೆ 19 ರೂಪಾಯಿಗೆ ಹೋಯಿತು. ಆ 8 ರೂಪಾಯಿಯ ವ್ಯಾಪಾರಿಯೇ ಬಂದು ಒಯ್ದ. ಅಲ್ಲಿಗೂ ಎಕರೆ ಮೇಲೆ ಸುಮಾರು 13,000 ನಷ್ಟ. ಉಳಿದ 8 ಚೀಲ ಏನು ಮಾಡುವುದು ಅಂತ ಯೋಚಿಸುವಾಗ ಅಮ್ಮ ಹೇಳಿದಳು, ‘ಬಿತ್ತನಕ್ಕೆ ಹಾಕು.’

ಅಪ್ಪನ ಕಾಲದಲ್ಲಿ ಎಲ್ಲರೂ ತಮ್ಮ ಬೀಜ ತಾವೇ ಮಾಡಿಕೊಳ್ಳುತ್ತಿದ್ದರು. ನಾನು ಬಿಟ್ಟು ಹತ್ತು ವರ್ಷವಾಗಿತ್ತು, ಅಂಗಡಿಯಲ್ಲಿ ಸಿಗುತ್ತಲ್ಲ ಅಂತ. ಎಂಟು ಚೀಲದಲ್ಲಿ ಒಂದೇ ಬಣ್ಣ, ಒಂದೇ ಆಕಾರ, ಒಂದೇ ಕುತ್ತಿಗೆ ಇರುವ ಗೆಡ್ಡೆ ಆರಿಸಲು ಅಮ್ಮನಿಗೆ ಎರಡು ದಿನ ಹಿಡಿಯಿತು. ಜೋಡಿ ಗೆಡ್ಡೆ ಕಂಡರೆ ಪಕ್ಕಕ್ಕೆ ಎಸೆಯುತ್ತಿದ್ದಳು. ‘ಇದರ ಮಕ್ಕಳೂ ಜೋಡಿನೇ ಆಗ್ತವೆ’ ಅನ್ನುತ್ತಿದ್ದಳು. ನವೆಂಬರ್ ಮೊದಲಿಗೆ ಹತ್ತು ಗುಂಟೆಗೆ ಊರಿದೆವು. ಚಳಿ ಬಿದ್ದ ಮೇಲೆ ದಂಟು ಎದ್ದು, ತುದಿಯಲ್ಲಿ ಬಿಳಿ ಚೆಂಡಿನ ಹಾಗೆ ಹೂ ಬಿಟ್ಟಿತು. ಜನವರಿಯಲ್ಲಿ ಜೇನು ಎಷ್ಟು ಬಂತೆಂದರೆ ಹತ್ತು ಗುಂಟೆಯೂ ಝುಂಯ್ ಅನ್ನುತ್ತಿತ್ತು. ಹೂವಿಗೆ ಔಷಧಿ ಹೊಡೆಯಲಿಲ್ಲ. ನುಸಿ ಸ್ವಲ್ಪ ಕಾಡಿತು, ಕಾಡಲಿ ಅಂತ ಬಿಟ್ಟೆ, ಜೇನು ಸತ್ತರೆ ಬೀಜ ಎಲ್ಲಿಂದ ಬರಬೇಕು. ಮಾರ್ಚ್‌ನಲ್ಲಿ ಚೆಂಡು ಒಡೆದು ಕರಿ ಬೀಜ ಕಾಣುವ ಮೊದಲೇ ಬೆಳಗಿನ ಇಬ್ಬನಿಯಲ್ಲಿ ಕೊಯ್ದೆವು. ಬಿಸಿಲೇರಿದ ಮೇಲೆ ಕೊಯ್ದರೆ ಅರ್ಧ ನೆಲಕ್ಕೆ.

40 ಕೆ.ಜಿ. ಸಿಕ್ಕಿತು. ಎಂಟು ಕೆ.ಜಿ. ನನಗೆ ಇಟ್ಟುಕೊಂಡೆ, 32 ಕೆ.ಜಿ. ಅಕ್ಕಪಕ್ಕದ ರೈತರಿಗೆ 1,200 ರೂಪಾಯಿ ಹಾಗೆ ಕೊಟ್ಟೆ. 38,400 ರೂಪಾಯಿ. ಒಂದು ಎಕರೆ ಗೆಡ್ಡೆ ಕಳೆದದ್ದನ್ನು ಹತ್ತು ಗುಂಟೆಯ ಹೂ ತಂದುಕೊಟ್ಟಿತು. ಒಂದು ಎಚ್ಚರ ಹೇಳಬೇಕು. ಸುತ್ತಮುತ್ತ ಬೇರೆ ಜಾತಿಯ ಈರುಳ್ಳಿ ಹೂ ಬಿಟ್ಟಿದ್ದರೆ ಈ ಆಸೆ ಬೇಡ, ಜೇನಿಗೆ ಬೇಲಿ ಇಲ್ಲ, ತಳಿ ಕೆಡುತ್ತದೆ. ಈರುಳ್ಳಿ ಬೀಜ ವರ್ಷ ಕಳೆದರೆ ಮೊಳಕೆಯೂ ಸರಿ ಬರಲ್ಲ, ಕೂಡಿಡುವ ಮಾತಿಲ್ಲ.

ಅಲ್ಲಿಂದ ಈಚೆಗೆ ನನ್ನ ಪದ್ಧತಿ ಬದಲಾಯಿತು. ಎಕರೆ ಪೂರ್ತಿ ಒಂದೇ ಸಲ ನಾಟಿ ಮಾಡುವುದಿಲ್ಲ. ಇಪ್ಪತ್ತು ದಿನ ಬಿಟ್ಟು ಬಿಟ್ಟು ಮೂರು ಕಂತು. ಕೂಲಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಆಳುಗಳೂ ‘ಇಷ್ಟಕ್ಕೆ ಯಾರು ಬರ್ತಾರೆ’ ಅಂತ ಗೊಣಗುತ್ತಾರೆ. ಆದರೆ ಆದೇಶ ಬಿದ್ದ ದಿನ ಒಂದು ಕಂತು ಮಾತ್ರ ಹೊಲದಲ್ಲಿ ಕಿತ್ತು ಬಿದ್ದಿರುತ್ತದೆ. ಉಳಿದವು ಮಣ್ಣಿನೊಳಗೇ ಕಾಯುತ್ತವೆ.

ಇನ್ನೊಂದು, ಜುಲೈನಿಂದಲೇ ಫೋನಿನಲ್ಲಿ ಲಾಸಲ್‌ಗಾಂವ್ ರೇಟು ನೋಡುತ್ತೇನೆ. ನಾಸಿಕ್ ಜಿಲ್ಲೆಯ ಆ ಮಾರುಕಟ್ಟೆಯನ್ನು ನಾನು ಕಂಡವನೇ ಅಲ್ಲ. ಅಲ್ಲಿ ದಪ್ಪ ಈರುಳ್ಳಿ ಬಿಡದೆ ಏರುತ್ತಿದ್ದರೆ ಇಲ್ಲಿ ಮುಂಗಡ ಕೊಡಲು ಬಂದ ವ್ಯಾಪಾರಿಗೆ ಬೇಡ ಅನ್ನುವುದಿಲ್ಲ, ರೇಟು ಒಂದೆರಡು ರೂಪಾಯಿ ಕಡಿಮೆ ಆದರೂ ಮಾತು ಮುಗಿಸುತ್ತೇನೆ. 2023ರಲ್ಲಿ ಅದೇ ಉಳಿಸಿತು. ಆಗಸ್ಟ್ 19ಕ್ಕೆ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿದರು. ನನ್ನ ಮೊದಲ ಕಂತಿಗೆ ಅಷ್ಟರಲ್ಲಿ ಮುಂಗಡ ಬಂದಿತ್ತು. ಎರಡನೆಯದು ಸುಂಕದ ಬಿಸಿಯಲ್ಲೇ ಬೆಂದು ಅಸಲಿಗೆ ಹೋಯಿತು. ಸೆಪ್ಟೆಂಬರ್ ಕೊನೆಗೆ ಬೆಂಗಳೂರು ರೋಸ್‌ಗೆ ಸುಂಕ ಬಿಟ್ಟರು, ಮತ್ತೆ ಅದೇ ಆಯುಕ್ತರ ಪ್ರಮಾಣಪತ್ರದ ಷರತ್ತು. ಆಗ ನನ್ನ ಮೂರನೇ ಕಂತಿನ ಗರಿ ಆಗಷ್ಟೇ ಬಾಗುತ್ತಿತ್ತು, ಇನ್ನೇನು ಕೀಳುವ ಹದ. ವಿನಾಯಿತಿ ಬಂದ ದಿನ ನನ್ನ ಹೊಲದಲ್ಲಿ ಈರುಳ್ಳಿ ಇದ್ದದ್ದು ಅದೇ ಮೊದಲು.

ಪಕ್ಕದ ಹೊಲದವನು ಈ ವರ್ಷವೂ ಒಂದೇ ದಿನಕ್ಕೆ ನಾಟಿ ಮುಗಿಸಿದ. ‘ನಿಂದು ಮುಗಿಯೋದೇ ಇಲ್ವಲ್ಲೋ’ ಅಂತ ಬೇಲಿ ಆಚೆಯಿಂದ ಕೂಗಿದ. ನನ್ನ ಮೂರನೇ ಕಂತಿನ ಸಸಿ ಇನ್ನೂ ಮಡಿಯಲ್ಲಿತ್ತು, ಅದಕ್ಕೆ ನೀರು ಬಿಡುತ್ತಿದ್ದೆ.